ಡಬ್ಬ ಖಾಲಿ ಬರಲಿಲ್ಲ

ನನ್ನ ಸಂಶೋಧನೆ ನನಗೆ ಒಣಸಿಗಡಿ ಚಟ್ನಿಯ ವಾಸನೆಯೊಂದಿಗೇ ನೆನಪಾಗುತ್ತದೆ. ಡಾಕ್ಟರಾದವಳು ಹೇಳಿಕೊಳ್ಳುವ ಮಾತಲ್ಲ ಇದು. ಆದರೂ ಕಳೆದ ಭಾನುವಾರ ಅಣ್ಣನ ಮಗಳು ಶ್ರಾವ್ಯ ಕಾರ್ಕಳದ ನಮ್ಮ ಮನೆಗೆ ಬಂದು ಬಾಯಿ ಬಿಡಿಸಿದಳು. ಮಣಿಪಾಲದಲ್ಲಿ ಬಿಎಸ್ಸಿ ಓದುತ್ತಿರುವ ಅವಳಿಗೆ ವಿದೇಶದ ಮೆಡಿಕಲ್ ಕಾಲೇಜು ಸೇರುವಾಸೆ. ಪದವಿಯಲ್ಲಿ ಮಾಡಿದ ಸಂಶೋಧನೆಯ ಬಗ್ಗೆ ಅರ್ಜಿಯಲ್ಲಿ ಬರೆಯಬೇಕಂತೆ. ಇವಳ ಪ್ರಯೋಗವೋ, ತಿಂಗಳುಗಟ್ಟಲೆ ಲ್ಯಾಬಿನಲ್ಲಿ ಕೂತರೂ ಕೈಕೊಟ್ಟಿತ್ತು.

"ಅತ್ತೆ, ಕೆಟ್ಟುಹೋದದ್ದನ್ನು ಬರೆದರೆ ಸೀಟು ಸಿಗ್ಲಿಕ್ಕುಂಟಾ? ಬಿಟ್ಟುಬಿಡ್ತೇನೆ," ಎಂದಳು. ಮುಖ ಸಪ್ಪೆಯಾಗಿತ್ತು.

ನನಗೆ ಕಡಲತಡಿಯ ಕಾಪು ಊರು ನೆನಪಾಯಿತು. ಉಡುಪಿಯಲ್ಲಿ ಬಿಎಸ್ಸಿ ಮಾಡುವಾಗ ನಾನೂ ಸೊಳ್ಳೆಮರಿಗಳ ಹಿಂದೆ ಬಿದ್ದಿದ್ದೆ. ನೆರಳಿನ ನೀರು, ಬಿಸಿಲಿನ ನೀರು, ಸೊಳ್ಳೆ ಯಾವುದರಲ್ಲಿ ಹೆಚ್ಚು ಮೊಟ್ಟೆಯಿಡುತ್ತದೆ ಎಂಬುದು ಲೋಕಕ್ಕೆ ನಾನು ಕೊಡಲಿದ್ದ ಜ್ಞಾನ. ಕಡಲ ಬದಿಯ ಮನೆಗಳ ಹಿತ್ತಿಲಲ್ಲಿ ಪ್ಲಾಸ್ಟಿಕ್ ಡಬ್ಬಗಳಿಗೆ ನೀರು ತುಂಬಿ, "ಇದು ಇಲ್ಲೇ ಇರಲಿ ಅಕ್ಕ" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ವಿಜ್ಞಾನಿಗಳು ಹೆಚ್ಚು ಮಾತಾಡಬಾರದು ಎಂದು ಆಗ ನಂಬಿದ್ದೆ.

ವಾರ ಕಳೆದು ಭೂತಗನ್ನಡಿ ಹಿಡಿದು ಹೋದರೆ, ಮೀನು ಮಾರುವ ಸುಂದರಕ್ಕ ನಗುತ್ತಾ ಡಬ್ಬ ತಂದಿಟ್ಟರು. ಒಳಗೆ ಚಟ್ನಿ, ಮೇಲೆ ಬಾಳೆಲೆ.

"ಡಬ್ಬದಲ್ಲಿ ಎಂತದೋ ಹುಳ ಆಗಿತ್ತು ಮಾರಾಯ್ತಿ. ಬೂದಿ ಹಾಕಿ ತಿಕ್ಕಿದೆ. ಖಾಲಿ ಹೇಗೆ ಕೊಡುವುದು, ಅಲ್ವಾ?"

ಪಕ್ಕದ ಮನೆಯ ಡಬ್ಬದಲ್ಲಿ ಬೆಲ್ಲದ ಅಪ್ಪ, ಅದರಾಚೆಯದರಲ್ಲಿ ಉಪ್ಪಿನಕಾಯಿ. ಅಯ್ಯೋ ದೇವರೇ! ಕೇರಿಗೆ ಕೇರಿಯೇ ನನ್ನ ಸಂಶೋಧನೆಯನ್ನು ತೊಳೆದು ಉಪಚರಿಸಿತ್ತು. ಆಗೆಲ್ಲ ಮೆಡಿಕಲ್ ಸೀಟಿಗೆ ಸಂದರ್ಶನವಿತ್ತು; ಅದಕ್ಕೆ ಒಯ್ಯಲು ನನ್ನಲ್ಲಿದ್ದದ್ದು ಅದೊಂದೇ. ಬಸ್ಸಿನಲ್ಲಿ ಉಡುಪಿಯ ತನಕ ಕಣ್ಣೀರು ಹಾಕಿದೆ. ಚಟ್ನಿಯನ್ನಂತೂ ಬಿಡಲಿಲ್ಲ.

ಮರುವಾರ ಹೊಸ ಡಬ್ಬಗಳನ್ನಿಟ್ಟೆ. ಈ ಸಲ ಜಗಲಿಯಲ್ಲಿ ಕೂತು ಸುಂದರಕ್ಕನಿಗೆ ಭೂತಗನ್ನಡಿಯಲ್ಲಿ ಸೊಳ್ಳೆಮರಿ ತೋರಿಸಿದೆ. "ಇದೇ ನಮ್ಮನ್ನು ಕಚ್ಚುವುದಾ!" ಎಂದು ಹೌಹಾರಿ ನೆರೆಯವರನ್ನೆಲ್ಲ ಕರೆದರು. ರೆಕ್ಕೆ ಬರುವ ಮೊದಲೇ ನಾನೇ ಬಂದು ಚೆಲ್ಲುತ್ತೇನೆಂದು ಮಾತು ಕೊಟ್ಟ ಮೇಲೆ ಡಬ್ಬಗಳನ್ನು ಯಾರೂ ಮುಟ್ಟಲಿಲ್ಲ. ಆದರೆ ಫಲಿತಾಂಶಕ್ಕಿಂತ ಮೊದಲೇ ಸಂದರ್ಶನ ಬಂತು.

"ಏನು ಕಂಡುಹಿಡಿದಿರಿ?" ಎಂದರು. ಬೆವರುತ್ತಾ ಚಟ್ನಿಯ ಕಥೆಯನ್ನೇ ಹೇಳಿದೆ. ಎಲ್ಲರೂ ನಕ್ಕರು. ಅವರಲ್ಲಿ ಹಿರಿಯರೊಬ್ಬರು ಮಾತ್ರ, "ಮತ್ತೆ ಹೋದಿರಾ?" ಎಂದು ಕೇಳಿದರು.

"ಹೋದೆ ಸರ್. ಡಬ್ಬ ಯಾಕೆಂದು ಹೇಳಿಯೇ ಇಟ್ಟೆ."

ಸೀಟು ಸಿಕ್ಕಿತು. ಇಂದಿಗೂ ಮಾತ್ರೆಯನ್ನು ಸುಮ್ಮನೆ ಬರೆದುಕೊಟ್ಟರೆ ರೋಗಿಗಳು ಅರ್ಧಕ್ಕೆ ಬಿಡುತ್ತಾರೆ. ಯಾಕೆಂದು ಕೂತು ಹೇಳಿದರೆ ನುಂಗುತ್ತಾರೆ. ಇದನ್ನು ನಾನು ಕಲಿತದ್ದು ಆ ಹಿತ್ತಿಲಲ್ಲಿ. ಸುಂದರಕ್ಕ ಈಗಿಲ್ಲ. ಆ ಚಟ್ನಿ ನೆನೆದರೆ ಬಾಯಲ್ಲೂ ನೀರು, ಕಣ್ಣಲ್ಲೂ ನೀರು.

ಕಥೆ ಕೇಳಿ ಶ್ರಾವ್ಯ ನೆಟ್ಟಗೆ ಕೂತಳು. "ನನ್ನದು ಎಲ್ಲಿ ಕೆಟ್ಟಿತು ಅಂತ ನನಗೆ ಗೊತ್ತುಂಟು ಅತ್ತೆ. ಅದನ್ನೇ ಬರೀತೇನೆ. ಆದ್ರೂ ಸಿಗದಿದ್ರೆ?"

"ಮತ್ತೆ ಹೋಗುವುದು ಮಾರಾಯ್ತಿ!"

ಹೊರಡುವಾಗ, ಅವಳಮ್ಮ ಪತ್ರೊಡೆ ಕಳಿಸಿದ್ದ ಡಬ್ಬವನ್ನು ಕೈಗಿತ್ತೆ. ಭಾರ ನೋಡಿ ಅವಳು ನಕ್ಕಳು. ಖಾಲಿ ಕೊಡಲು ನನಗೂ ಮನಸ್ಸು ಬಂದಿರಲಿಲ್ಲ.