ನನ್ನ ಸರದಿಯ ಭಾಗಾಕಾರ

ಹಳೆಯ ಊಟದ ಚೀಲವನ್ನು ಒಗೆಯುವ ಮೊದಲು ಮಗುಚಿ ಕೊಡವಿದೆ. ಉಪ್ಪಿನಕಾಯಿಯ ವಾಸನೆಯ ಜೊತೆಗೆ ತೆಳುವಾದ ಗುಲಾಬಿ ಬಸ್ ಟಿಕೆಟೊಂದು ಬಿತ್ತು. ನಂಬರ್ 327793. ನೋಡದೆಯೂ ಹೇಳಬಲ್ಲೆ. ನಿಮಗೆ ನಗು ಬರಬಹುದು, ಹೆಂಡತಿಯ ಹುಟ್ಟುಹಬ್ಬ ಮರೆಯುವವರ ನಡುವೆ ಇಂಥವನೂ ಒಬ್ಬ ಇದ್ದಾನೆ ಎಂದುಕೊಳ್ಳಿ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಗದಗದ ಕಡೆಯಿಂದ ಬಂದು ಉಡುಪಿಯ ಕಡಿಯಾಳಿಯಲ್ಲಿ ಕೋಣೆ ಹಿಡಿದಿದ್ದೆ. ಕೆಲಸ ಕಾರ್ಕಳದ ಕಲ್ಲಿನ ಅಂಗಡಿಯಲ್ಲಿ. ಬಸ್ಸಿನಲ್ಲಿ ಸುತ್ತಲೂ ತುಳು. ಕಂಡಕ್ಟರನಿಗೆ ಊರಿನ ಹೆಸರು, ಗಿರಾಕಿಗೆ ದರ, ಇಷ್ಟೇ ನನ್ನ ದಿನದ ಮಾತು. ಅಂಥ ಒಂಟಿತನವನ್ನು ನಾನು ಮೊದಲು ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದವನು ನನ್ನ ಟಿಕೆಟಿಗೆ ಇಣುಕಿ, “ನಿಮ್ಮದು ಏಳರಿಂದ ಹೋಗ್ತದೆ ಮಾರಾಯ್ರೆ,” ಎಂದ. ಸದಾನಂದ. ಕಾಪುವಿನ ಮೀನುಗಾರರ ಮನೆಯವನು. ದೋಣಿ ಹತ್ತಿದರೆ ವಾಂತಿ, ಹಾಗಾಗಿ ಹಿರಿಯಡ್ಕದ ಬಟ್ಟೆಯಂಗಡಿ ಸೇರಿದ್ದ. ಲೆಕ್ಕಕ್ಕಾಗಿ ಶಾಲೆಯಲ್ಲಿ ಇಬ್ಬರೂ ಪೆಟ್ಟು ತಿಂದವರೇ. ಆದರೂ ಅಂದಿನಿಂದ ಅದೇ ಆಟ: ಟಿಕೆಟಿನ ಸಂಖ್ಯೆಯನ್ನು ಎರಡು, ಮೂರು, ಐದು, ಏಳು ಎಂದು ಅವಿಭಾಜ್ಯಗಳಿಂದ ಸರದಿಯಂತೆ ಬಾಯಲ್ಲೇ ಭಾಗಿಸುವುದು. ಎರಡರ ಸರದಿ ಯಾವಾಗಲೂ ಅವನದು. ಸುಲಭದ್ದನ್ನು ಬಿಟ್ಟುಕೊಡುವ ಆಸಾಮಿಯಲ್ಲ. ಒಬ್ಬನೇ ಮುಂದುವರಿಸಬಾರದು. ಹಿರಿಯಡ್ಕ ಬಂದರೆ ಉಳಿದದ್ದು ನಾಳೆಗೆ.

ಸಾಮಾನ್ಯವಾಗಿ ಪರ್ಕಳ ದಾಟುವುದರೊಳಗೆ ಸಂಖ್ಯೆ ಸೋಲುತ್ತಿತ್ತು. ಇದೊಂದು ಸೋಲಲಿಲ್ಲ. ಅಂಕೆಗಳ ಮೊತ್ತ ಮೂವತ್ತೊಂದು, ಮೂರಕ್ಕೆ ಜಗ್ಗಲಿಲ್ಲ. ಹನ್ನೊಂದಕ್ಕಿಲ್ಲ, ಹದಿಮೂರಕ್ಕಿಲ್ಲ, ನೂರನ್ನೂ ದಾಟಿತು. ಹಲವು ಬೆಳಿಗ್ಗೆಗಳು ಅದರಲ್ಲೇ ಹೋದವು.

“ಇದು ಯಾವುದಕ್ಕೂ ಬಗ್ಗೂದಿಲ್ರೀ, ಅವಿಭಾಜ್ಯನೇ,” ಎಂದೆ.

“ವರ್ಗಮೂಲದ ತನಕ, ಐನೂರ ಎಪ್ಪತ್ತೊಂದರವರೆಗೆ ನೋಡದೆ ಹಾಗೆ ಹೇಳ್ಲಿಕ್ಕಿಲ್ಲ,” ಎಂದ ಅವನು ನೂರ ಐವತ್ತೇಳರಿಂದ ಭಾಗಿಸಿ ಸೋತು, ಚೀಲ ಎತ್ತಿಕೊಂಡ. “ನೂರ ಅರುವತ್ತಮೂರು ನಿಮ್ಮದು. ನಾಳೆ.”

ಮಾರನೆಯ ದಿನ ಅವನು ಬರಲಿಲ್ಲ. ಅಣ್ಣ ಕಾಲು ಮುರಿದುಕೊಂಡದ್ದರಿಂದ ದೋಣಿಗೆ ಇವನೇ ಹೋಗಬೇಕಾಯಿತೆಂದು ಆಮೇಲೆ ಬಟ್ಟೆಯಂಗಡಿಯವರು ಹೇಳಿದರು. ವಾಂತಿ ಮಾಡಿಕೊಳ್ಳುತ್ತಲೇ ಹೋಗಿರಬೇಕು. ಕಾಪು ಏನು ದೂರವೇ? ಉಡುಪಿಯಿಂದ ಒಂದು ಬಸ್ಸು. ಆದರೆ ಬಸ್ಸಿನ ಗೆಳೆತನವನ್ನು ಹಿಡಿದುಕೊಂಡು ಅವನ ಮನೆ ಬಾಗಿಲಲ್ಲಿ ನಿಂತು ಏನು ಹೇಳುವುದು? ಸರದಿಯನ್ನು ಹಾಗೆಯೇ ಇಟ್ಟುಕೊಂಡೆ. ಅದು ಬಾಕಿ ಇರುವ ತನಕ ನಮ್ಮ ಮಾತು ಮುಗಿದಿಲ್ಲ ಎಂಬ ಹುಚ್ಚು ಸಮಾಧಾನ. ಆಮೇಲೂ ನನಗೆ ಗೆಳೆಯರೇನೂ ಹೆಚ್ಚಾಗಲಿಲ್ಲ.

ಇವತ್ತು ಒಗೆಯುವ ಕಲ್ಲಿನ ಮೇಲೆ ಕೂತು ಭಾಗಿಸಿದೆ. ನೂರ ಅರವತ್ತಮೂರು. ಎರಡು ಸಾವಿರದ ಹನ್ನೊಂದು ಸಲ ಹೋಗಿ ಶೇಷ ಸೊನ್ನೆ. ಮತ್ತೊಮ್ಮೆ ಮಾಡಿ ನೋಡಿದೆ, ಅದೇ. ಅವಿಭಾಜ್ಯವಲ್ಲ, ಆ ನಾಳೆ ಬಂದಿದ್ದರೆ ನನ್ನ ಸರದಿಯಲ್ಲೇ ಮುಗಿಯುತ್ತಿತ್ತು. ಖುಷಿಯಾಯಿತು, ಹಿಂದೆಯೇ ದುಃಖವೂ ಆಯಿತು. ಹೇಳಲು ಮನೆಯಲ್ಲಿ ಯಾರೂ ಇಲ್ಲ.

ಚೀಲವನ್ನು ನೆನೆಯಲು ಬಿಟ್ಟು ಬಸ್ ನಿಲ್ದಾಣಕ್ಕೆ ಹೋದೆ. “ಕಾಪು, ಒಂದು,” ಎಂದೆ. ಅವನು ಅಲ್ಲಿದ್ದಾನೋ, ನನ್ನ ಗುರುತು ಹಿಡಿಯುತ್ತಾನೋ ಗೊತ್ತಿಲ್ಲ. ಕಂಡಕ್ಟರ್ ಕೊಟ್ಟ ಟಿಕೆಟಿನ ನಂಬರ್ ನೋಡಿದೆ. ಕೊನೆಯ ಅಂಕೆ ಎಂಟು. ಭಾಗಿಸಲಿಲ್ಲ, ಮಡಚಿ ಜೇಬಿಗಿಟ್ಟೆ. ಎರಡರ ಸರದಿ ಅವನದು.