ಮೂವತ್ತಾರು ಕಡ್ಡಿಗಳ ಮೇಲೆ ಒಂಬತ್ತು ದೇಶ

ಬೀದಿಯಲ್ಲಿ ಇನ್ನೂ ಗಾಡಿಗಳ ಗಲಾಟೆ ಶುರುವಾಗಿಲ್ಲ. ಅರ್ಧ ಎತ್ತಿದ ಷಟರಿನ ಕೆಳಗೆ ಸ್ಟೂಲ್ ಹಾಕಿಕೊಂಡ ಕಡ್ಡಿಯಕ್ಕ, ಸೈಕಲ್ಲಿನ ಹಿಂದಿನ ಗಾಲಿಯನ್ನು ತೊಡೆಯ ಮೇಲಿಟ್ಟು ಮಾತಾಡಿಸುತ್ತಿದ್ದಾರೆ. ಹೊಸದಾಗಿ ಕಟ್ಟಿದ ಗಾಲಿಯನ್ನು ಒಂದು ರಾತ್ರಿ ಮಲಗಲು ಬಿಟ್ಟು, ಊರು ಏಳುವ ಮೊದಲು ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿ ಕಿವಿಗೊಡುವುದು ಅವರ ಪದ್ಧತಿ. ಟಿಣ್ ಎಂದರೆ ಪಾಸು. ಇವತ್ತು ಮೂವತ್ತಾರೂ ನೆಗಡಿ ಹಿಡಿದವರ ಹಾಗೆ ಡುಬ್ ಎನ್ನುತ್ತಿವೆ. ಬಿಗಿಯೋಣವೆಂದರೆ ಚೈನಿನ ಕಡೆಯ ಕಡ್ಡಿಗಳಲ್ಲಿ ಕೀಲಿ ತಿರುಗುವುದೇ ಇಲ್ಲ. ಕೈಗೆ ಬಿಗಿ, ಕಿವಿಗೆ ಸಡಿಲ.

ಗಾಲಿ ಭೂಗೋಳದ ಟೀಚರದು. ಇಪ್ಪತ್ತೆರಡು ವರ್ಷ ಭೂಪಟದ ಮೇಲೆ ಕೋಲಿಟ್ಟು ತೋರಿಸಿದ ದೇಶಗಳಲ್ಲಿ ಒಂಬತ್ತನ್ನು ಪೆಡಲ್ ತುಳಿದೇ ನೋಡಿಬರಲು ಹೊರಟಿದ್ದಾರೆ. ಡೇರೆ, ಒಲೆ, ಬಟ್ಟೆ, ನೀರು ಸೇರಿ ಮೂವತ್ತೈದು ಕಿಲೋ. ಹೆಚ್ಚಿನದೆಲ್ಲ ಹಿಂದಿನ ಗಾಲಿಯ ತಲೆಗೆ. ನಾಳೆ ಬೆಳಿಗ್ಗೆ ಹೊರಡಬೇಕು. ಶನಿವಾರದೊಳಗೆ ಮೊದಲ ಗಡಿ ದಾಟದಿದ್ದರೆ ವೀಸಾ ರದ್ದಿ ಕಾಗದ.

ಕಡ್ಡಿಯಕ್ಕ ಎಂಬುದು ಬೀದಿಯ ನಾಮಕರಣ. ಗಂಡ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಕೂತು ಮೂವತ್ತೊಂದು ವರ್ಷ. "ಮೊದಮೊದಲು ಬರೋರೆಲ್ಲ, 'ಏನಮ್ಮಾ, ಯಜಮಾನ್ರು ಇಲ್ವಾ?' ಅನ್ನೋರು," ಎಂದು ಮೂಗಿನಲ್ಲಿ ದನಿ ತೆಗೆದು ಅಣಕಿಸುತ್ತಾರೆ. "ಇದ್ದೀನಲ್ಲ, ಹೇಳಿ ಅಂತಿದ್ದೆ." ಈಗ ದಿನಕ್ಕೆ ಹತ್ತು ಹನ್ನೆರಡು ಗಾಲಿಗಳ ಬೆಂಡ್ ತೆಗೆಯುತ್ತಾರೆ, ವಾರಕ್ಕೆ ಎರಡು ಹೊಸದಾಗಿ ಕಟ್ಟುತ್ತಾರೆ. ಬೆರಳ ತುದಿಗಳೆಲ್ಲ ಸೀಳು. ಉಗುರು ಬೆಳೆಸುವ ಭಾಗ್ಯ ಬಲಗೈ ಹೆಬ್ಬೆರಳಿಗೆ ಮಾತ್ರ, ಅದೂ ಮೀಟುವುದಕ್ಕೆ.

ಚೈನಿನ ಕಡೆಗೆ ಎರಡು ಮಿಲಿಮೀಟರ್ ಗಿಡ್ಡ ಕಡ್ಡಿ ಬೇಕು. ಅದಕ್ಕೆ ಕೆಂಪು ದಾರದ ಕಟ್ಟು, ಎಡಗಡೆಯದಕ್ಕೆ ನೀಲಿ ದಾರದ್ದು. "ಕೆಂಪು ದಾರ ಮುಗಿದಿತ್ತು. ಎರಡನ್ನೂ ನೀಲೀಲೇ ಕಟ್ಟಿಟ್ಟೆ. ಸೋಮಾರಿತನ, ಇನ್ನೇನು," ಎನ್ನುತ್ತಾರೆ. ಉದ್ದನೆಯವೇ ಎರಡೂ ಕಡೆ ಸೇರಿವೆ. ಪೂರ್ತಿ ಬಿಗಿಯಾಗುವ ಮೊದಲೇ ಕಡ್ಡಿ ತುದಿಯ ಥ್ರೆಡ್, ಅಂದರೆ ತಿರುಪಿನ ಗೆರೆ, ಮುಗಿದಿದೆ.

ಪಂಪು ಹಿಡಿದು ನಿಂತಿರುವ ತಮ್ಮ ರಾಗ ಎಳೆಯುತ್ತಾನೆ: "ಎರಡು ಮಿಲಿಮೀಟರ್ ಯಾರ ಕಣ್ಣಿಗೆ ಕಾಣುತ್ತಕ್ಕಾ? ನಗ್ತಾ ಕೊಟ್ಬಿಡು."

"ನಮ್ಮ ಬೀದೀಲಿ ಕಾಣಲ್ಲ ಕಣೋ. ಮೂರನೇ ದೇಶದ ಘಾಟೀಲಿ ಪಟಪಟ ಮುರಿದಾಗ ಕಾಣುತ್ತೆ."

ಎಂಟಕ್ಕೆ ಟೀಚರ್ ಬರುತ್ತಾರೆ. ಕಡ್ಡಿಯಕ್ಕ ಹೇಳುವುದೂ ಕಡ್ಡಿ ಮುರಿದ ಹಾಗೆಯೇ: "ಟೀಚರ್, ತಪ್ಪು ನಂದು. ಗಾಲಿ ಬಿಚ್ಚಿ ಮತ್ತೆ ಕಟ್ಟಬೇಕು."

"ಅಕ್ಕಾ, ನಾಳೆ ಹೊರಡಬೇಕಲ್ಲ."

"ಹೊರಡ್ತೀರಿ. ಇಲ್ಲೇ ಕೂತ್ಕೊಂಡು ಕಡ್ಡಿ ಅಳೆದು ಕೊಡ್ತಾ ಇರಿ. ಇವತ್ತು ನೀವು ಮೊದಲನೇ ಬೆಂಚು."

ಟೀಚರ್ ಅಳತೆಪಟ್ಟಿ ಹಿಡಿಯುತ್ತಾರೆ. ಅಂಗಡಿಯಲ್ಲಿ ಉಳಿದ ಗಿಡ್ಡ ಕಡ್ಡಿಗಳು ಸಾಲದೆ, ಚೈನಿನ ಕಡೆಯ ಹದಿನೆಂಟು ಕಡ್ಡಿಗಳ ತುದಿ ಕತ್ತರಿಸಿ, ಹೊಸ ಥ್ರೆಡ್ ತೆಗೆದು, ಒಂದೊಂದನ್ನೂ ಹೆಣೆದು ಬಿಗಿಯುವ ಹೊತ್ತಿಗೆ ಮಧ್ಯಾಹ್ನದ ಊಟ ತಣ್ಣಗಾಗಿದೆ. ಸಂಜೆ ಸೈಕಲ್ಲಿಗೆ ಸಾಮಾನೆಲ್ಲ ಹೇರಿ ತಮ್ಮನನ್ನು ಗುಂಡಿಗಳ ಬೀದಿಗೆ ಅಟ್ಟುತ್ತಾರೆ. "ಗುಂಡಿ ತಪ್ಪಿಸಿದ್ಯೋ, ಮನೆಗೆ ಬರಬೇಡ." ಮರುದಿನ ನಸುಕಿನಲ್ಲಿ ಮೀಟಿ, ಕೇಳಿ, ತಲೆಯಾಡಿಸಿದ ಮೇಲೆಯೇ ಟೀಚರಿಗೆ ಅಪ್ಪಣೆ.

ಟೀಚರ್ ಹೊರಟು ಇಂದಿಗೆ ಐವತ್ತೊಂದು ದಿನ. ನಾಲ್ಕನೇ ದೇಶದಿಂದ ಅವರ ಧ್ವನಿಸಂದೇಶ ಬಂದಿದೆ. ಟೈರು ಎರಡು ಸಲ ಬದಲಾಗಿದೆ, ಡೇರೆಯ ಜಿಪ್ಪು ಕಿತ್ತುಹೋಗಿದೆ, ಘಾಟಿ ಹತ್ತಿ ಮಂಡಿ ಊದಿಕೊಂಡಿದೆ. ತಮ್ಮನಿಗೆ ಬೇಜಾರು: "ಮಂಡಿವರೆಗೂ ಹೇಳಿದ್ರು, ನಿನ್ನ ಗಾಲಿ ಬಗ್ಗೆ ಒಂದು ಮಾತೂ ಇಲ್ಲ ನೋಡು."

ಕಡ್ಡಿಯಕ್ಕ ಕೈ ಒರೆಸಿಕೊಂಡು ಸಂದೇಶವನ್ನು ಇನ್ನೊಮ್ಮೆ ಕೊನೆತನಕ ಕೇಳುತ್ತಾರೆ.

"ಇಲ್ಲ ಅಲ್ವಾ?" ಮುಖವೆಲ್ಲ ಅರಳಿದೆ. "ಗಾಲಿ ಇದೆ ಅನ್ನೋದೇ ಮರೆತುಹೋಗಿದೆ ಅವರಿಗೆ. ಅದಕ್ಕಿಂತ ಚೆನ್ನಾಗಿ ಕಟ್ಟೋಕೆ ನಂಗೂ ಬರಲ್ಲ ಕಣೋ."