ಹೆಸರಿನ ಮಗ್ಗಲು

ಆನ್‌ಲೈನ್ ಹರಾಜಿನಲ್ಲಿ ಹೊಸದಾಗಿ ಮಾರಲು ಕೂತವರ ಪುಟದಲ್ಲಿ ನಕ್ಷತ್ರಗಳಿರುವುದಿಲ್ಲ. ನಕ್ಷತ್ರ ಕೊಡುವವರು ಕೊಂಡವರು. ನಕ್ಷತ್ರವಿಲ್ಲದವರ ಹತ್ತಿರ ಯಾರೂ ಕೊಳ್ಳುವುದಿಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿ ಲಕ್ಷ್ಮೇಶ್ವರಕ್ಕೆ ಮರಳಿ, ಅಬ್ಬಾನ ಅಂಗಡಿಯ ಹಳೆಯ ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಮಾರಲು ಪುಟ ತೆರೆದಾಗ ನನಗೆ ಎದುರಾದದ್ದು ಈ ಗಂಟು. ಪುಟಕ್ಕೆ ಊರಿನ ಹೆಸರನ್ನೇ ಇಟ್ಟಿದ್ದೆ. ಮುಖ ತೋರಿಸಿ ಮಾತಾಡುವುದು ನನಗೆ ಒಗ್ಗದ ಕೆಲಸ.

ಪಾತ್ರೆಗಳೇ ಮಾತಾಡಲಿ ಎಂದುಕೊಂಡೆ. ಬೇರೆಯವರು ಹೊಳೆಯುವ ಮಗ್ಗಲನ್ನು ಮೊದಲು ತೋರಿಸುತ್ತಿದ್ದರು; ನಾನು ದೋಷವನ್ನು ಮೊದಲು ತೋರಿಸಿದೆ. ಮೊದಲ ಚಿತ್ರದಲ್ಲಿ ತಗ್ಗು, ಅದರ ಪಕ್ಕ ಬೆಸುಗೆ. ಕೊಡಕ್ಕೆ ನೀರು ತುಂಬಿ ಆ ದಿನದ ಪೇಪರಿನ ಮೇಲಿಟ್ಟು, ಸಂಜೆ ಎತ್ತಿ, ಒದ್ದೆಯಾಗದ ಪೇಪರನ್ನು ತೋರಿಸುತ್ತಿದ್ದೆ. ಅಬ್ಬಾ ಬೆರಳಗೆಣ್ಣಿನಿಂದ ಪಾತ್ರೆ ಬಡಿಯುವ ಸದ್ದನ್ನು ಹಿಂದೆ ಯಾವ ಸಂಗೀತವೂ ಇಲ್ಲದೆ ಹಾಗೇ ಹಾಕುತ್ತಿದ್ದೆ. ಸೀಳಿಲ್ಲದ ಪಾತ್ರೆ ಬಡಿದ ಮೇಲೂ ಬಹಳ ಹೊತ್ತು ಗುಂಯ್‌ಗುಡುತ್ತದೆ. ಸೀಳಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಯಾರಾದರೂ ಹಟಕ್ಕೆ ಬಿದ್ದು ಅತಿಯಾಗಿ ಕೂಗಿದರೆ, ‘ಈ ಚರಿಗೆ ಅಷ್ಟು ಬಾಳುವುದಿಲ್ಲ, ಇಲ್ಲಿಗೆ ನಿಲ್ಲಿಸಿ’ ಎಂದು ನಾನೇ ಬರೆಯುತ್ತಿದ್ದೆ.

“ಏನವಾ, ನೀ ಮಾರಾಕತ್ತೀಯೋ, ಗಿರಾಕಿ ಓಡಸಾಕತ್ತೀಯೋ?” ಎಂದು ಅಬ್ಬಾ ನಕ್ಕರು. ಮನೆಯಲ್ಲಿ ನಮ್ಮದು ಬೇರೆ ಮಾತು, ಅಂಗಡಿಯಲ್ಲಿ ಕನ್ನಡವೇ. “ಲಿಲಾವಿನ್ಯಾಗ ಎಲ್ಲಾರೂ ಏರಸ್ತಾರ. ನೀ ಒಬ್ಬಾಕಿ ಇಳಸ್ತಿ ನೋಡು.”

ಒಂದನ್ನು ಮಾತ್ರ ನಾನು ತೋರಿಸುತ್ತಿರಲಿಲ್ಲ. ನಮ್ಮ ಕಡೆ ಹಳೆಯ ಪಾತ್ರೆಗಳ ಕೊರಳಲ್ಲಿ ಮನೆತನದ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿರುತ್ತಾರೆ. ಪಾತ್ರೆ ತಂದುಕೊಡುವವರು, “ನಮ್ಮ ಹೆಸರು ಯಾರ ಕಣ್ಣಿಗೂ ಬೀಳಬಾರದ ನೋಡ್ರಿ,” ಎನ್ನುತ್ತಾರೆ. ಮನೆಯ ಪಾತ್ರೆ ಮಾರಿದರೆಂಬ ಖಬರ ಊರಲ್ಲಿ ಹಬ್ಬುವುದು ಅವರಿಗೆ ಬೇಡ. ಅದಕ್ಕೇ ನಮ್ಮ ಅಂಗಡಿಯಲ್ಲಿ ಹೆಸರಿನ ಮಗ್ಗಲು ಯಾವತ್ತೂ ಗೋಡೆಯ ಕಡೆಗೆ. ಕೊಂಡವರ ಕೈಗೆ ಒಪ್ಪಿಸುವ ಮೊದಲು ಅಬ್ಬಾ ಅದನ್ನು ಅರದಿಂದ ಉಜ್ಜಿ ಅಳಿಸುತ್ತಾರೆ.

ನಕ್ಷತ್ರಗಳು ಬಂದವು. ಎಲ್ಲರಿಗಿಂತ ಹೆಚ್ಚು ಕೊಂಡವರು ಬೆಟಗೇರಿಯ ಒಬ್ಬ ಹೆಣ್ಣುಮಗಳು. ‘ಇಷ್ಟು ಖರೆ ಹೇಳಿ ಮಾರುವವರನ್ನು ನಾನು ನೋಡಿಲ್ಲ’ ಎಂದು ನನ್ನ ಪುಟದಲ್ಲಿ ಬರೆದಿದ್ದರು. ಆ ಸಾಲನ್ನು ಅಗತ್ಯಕ್ಕಿಂತ ಹೆಚ್ಚು ಸಲ ಓದಿದ್ದೇನೆ. ಹೊಸ ಮನೆಯ ಪ್ರವೇಶಕ್ಕೆಂದು ತಾಮ್ರದ ಕೊಡವೊಂದನ್ನು ಹರಾಜಿನಲ್ಲಿ ಗೆದ್ದು, ಪಾರ್ಸೆಲ್ ಬೇಡ, ತಾವೇ ಬಂದು ಒಯ್ಯುತ್ತೇವೆ ಎಂದರು.

ಬಂದರು. ಬಾಗಿಲಲ್ಲೇ ನಿಂತು ಅಬ್ಬಾನ ಟೋಪಿ, ಗಡ್ಡ ನೋಡಿದರು. ಆಮೇಲೆ ನನ್ನ ತಲೆಯ ಮೇಲಿನ ದುಪಟ್ಟಾ.

“ಬರ್ರಿ ಅಕ್ಕಾರ, ಕುಂಡ್ರಿ,” ಎಂದರು ಅಬ್ಬಾ.

“ಆ ಆನ್‌ಲೈನ್ ಅಂಗಡಿ... ಇದೇನ್ರಿ?”

“ಇದ ರೀ. ಮಗಳು ನಡಸ್ತಾಳ.”

“ಹೌದಾ,” ಎಂದರು. ಕೂಡಲಿಲ್ಲ.

ಅಬ್ಬಾ ಕೊಡ ತಂದು ಬಡಿದರು. ಆ ಸದ್ದು ಪೂರ್ತಿ ಇಳಿಯುವವರೆಗೆ ಆ ಹೆಣ್ಣುಮಗಳು ಕಿವಿಗೊಟ್ಟು ಕೇಳಿದರು. “ಅಲ್ರೀ, ಇದರಾಗ ಮೊದಲ ಏನ್ ಹಾಕ್ತಿದ್ರಿ?”

“ನೀರ್ರಿ,” ಅಬ್ಬಾ ನಕ್ಕರು. “ಕೊಡದಾಗ ಮತ್ತೇನ್ ಹಾಕ್ತಾರ್ರಿ?”

“ಹಂಗಲ್ಲ. ದೇವರ ಕೆಲಸಕ್ಕ ಬೇಕಾಗಿತ್ತು. ನಿಮ್ಮ ಮನ್ಯಾಗ ಬಳಸಿದ್ದೇನು?”

ಅಬ್ಬಾನ ನಗು ನಿಂತಿತು. ಆ ಕೊಡ ಅಡರಕಟ್ಟಿಯ ಒಂದು ಮನೆಯದು. ಕೊರಳ ಮೇಲಿನ ಹೆಸರನ್ನು ಇನ್ನೂ ಉಜ್ಜಿರಲಿಲ್ಲ. ಅದು ಕೊಳ್ಳಲು ಬಂದವರ ಮಂದಿಯದೇ ಹೆಸರು. ಓದಿದ್ದರೆ ಪ್ರಶ್ನೆ ಅಲ್ಲೇ ಮುಗಿಯುತ್ತಿತ್ತು. ಅಬ್ಬಾ ಕೊಡವನ್ನು ನಿಧಾನವಾಗಿ ತಿರುಗಿಸತೊಡಗಿದರು. ಇಷ್ಟು ವರ್ಷ ಯಾವ ಗಿರಾಕಿಗೂ ತೋರಿಸದ ಮಗ್ಗಲನ್ನು ನನ್ನ ನಕ್ಷತ್ರಗಳಿಗಾಗಿ ತೋರಿಸಹೊರಟಿದ್ದಾರೆಂದು ನನಗೆ ತಿಳಿಯಿತು. ನಾನು ಕೊಡದ ಕೊರಳ ಮೇಲೆ ಕೈಯಿಟ್ಟೆ.

“ಬಳಸಿಲ್ಲ ರೀ,” ಎಂದೆ. “ತಗ್ಗು, ಬೆಸಗಿ ಎಲ್ಲಾ ತೋರ್ಸೇನಿ. ನೀವು ನೋಡೇ ಕೂಗೀರಿ.”

“ನಿನ್ನ ಮ್ಯಾಲ ನನಗೇನ್ ಸಂಶೇ ಇಲ್ಲ ತಂಗಿ. ಮನ್ಯಾಗ ಹಿರ್ಯಾರು ಅದಾರಲ್ಲ, ಅವರಿಗೇನ್ ಹೇಳ್ಲಿ?”

ಹಿರಿಯರನ್ನು ಕೇಳಿಕೊಂಡು ಬರುತ್ತೇನೆಂದು ಹೋದರು. ಬರಲಿಲ್ಲ. ನನ್ನ ಪುಟದಲ್ಲಿ ಅವರ ಹಳೆಯ ಮಾತು ಅಳಿಸಿಹೋಗಿತ್ತು. ಅಲ್ಲಿ ಒಂದೇ ನಕ್ಷತ್ರ, ಅದರ ಕೆಳಗೆ: ‘ಕೊಡದ ಸದ್ದು ಸರಿ ಇಲ್ಲ. ಒಳಗೆ ಸೀಳಿರಬಹುದು.’

ಸದ್ದಿನ ವಿಡಿಯೊ ಅದರ ಪಕ್ಕದಲ್ಲೇ ಇತ್ತು. ಒತ್ತಿ ಕೇಳುವ ಕಷ್ಟ ಯಾರಿಗೂ ಬೇಕಾಗಲಿಲ್ಲ. ಒಂದು ಹಿತ್ತಾಳೆ ಹಂಡೆಗೆ ನಡೆಯುತ್ತಿದ್ದ ಕೂಗೂ ಅಲ್ಲಿಗೇ ನಿಂತಿತು. ಸುಳ್ಳನ್ನಾದರೂ ಅವರು ನನ್ನಿಂದಲೇ ಕಲಿತ ಮಾತಿನಲ್ಲಿ ಬರೆದಿದ್ದರು.

ಅಬ್ಬಾ ಕೊಡವನ್ನು ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ ಬಡಿದರು. “ಸದ್ದು ಖರೇನ ಐತಿ,” ಎಂದರು. “ಆ ಹೆಸರು ತೋರ್ಸಿದ್ರ ಒಯ್ತಿದ್ಳು.”

“ಹೆಸರು ಒಯ್ತಿದ್ಳು ಅಬ್ಬಾ. ಕೊಡ ಅಲ್ಲ.”

ಅಬ್ಬಾ ಹೆಸರಿನ ಮಗ್ಗಲನ್ನು ಗೋಡೆಗೆ ಮಾಡಿ ಕೊಡವನ್ನು ಇಟ್ಟರು.

ಅಂಥ ಮಾತಿಗೆ ಉತ್ತರ ಬರೆಯಲು ಆ ಪುಟದಲ್ಲಿ ಜಾಗವಿದೆ. ನಾನು ಬರೆಯಲಿಲ್ಲ. ದೋಷವನ್ನು ಮೊದಲು ತೋರಿಸುವ ನನ್ನ ಪದ್ಧತಿಯನ್ನೂ ಬಿಟ್ಟಿಲ್ಲ. ಈಗ ಪ್ರತಿ ಪಾತ್ರೆಯ ಮೊದಲ ಚಿತ್ರದಲ್ಲಿ ಒಂದು ಬಿಳಿ ಹಾಳೆ ಇರುತ್ತದೆ. ಅದರ ಮೇಲೆ ನನ್ನ ಹೆಸರು, ಅಬ್ಬಾನ ಹೆಸರು, ದಪ್ಪ ಅಕ್ಷರದಲ್ಲಿ, ಪೂರ್ತಿಯಾಗಿ. ತಗ್ಗು, ಬೆಸುಗೆ, ಸದ್ದು ಆಮೇಲೆ.